ಒಂದೇ ಉದ್ದದ ತೋಟೆಗಳು: ಗುಂಡು ಕೂರಿಸುವ ಆಳದ ಕುರಿತು ಒಂದು ಪ್ರಕರಣ ಅಧ್ಯಯನ

ಸೆಪ್ಟೆಂಬರ್ ತಿಂಗಳ ಒಂದು ಶನಿವಾರ, ಅಮೆರಿಕದ ಒಹಾಯೊ ರಾಜ್ಯದ ಒಂದು ಶೂಟಿಂಗ್ ಕ್ಲಬ್ಬಿನ ಸ್ಪರ್ಧೆಯ ನಡುವೆ, ಗುಂಡು ಹಾರಿಸುವುದನ್ನು ನಿಲ್ಲಿಸಿ ರೈಫಲ್ ಖಾಲಿ ಮಾಡಬೇಕೆಂಬ ಆಜ್ಞೆ ಬಂದಿತು. ನನ್ನ ತಂಗಿಯ ಮಗ ಆಗಷ್ಟೇ ಚೇಂಬರಿಗೆ, ಅಂದರೆ ನಳಿಗೆಯ ಹಿಂಬದಿಯ ಗೂಡಿಗೆ, ಏರಿಸಿದ್ದ ತೋಟೆಯನ್ನು ಹೊರತೆಗೆಯಲು ಆ ಗೂಡನ್ನು ಮುಚ್ಚುವ ಬೋಲ್ಟನ್ನು ಹಿಂದಕ್ಕೆ ಎಳೆದ. ಹೊರಬಂದದ್ದು ಬಾಯಿ ತೆರೆದ ಹಿತ್ತಾಳೆಯ ಕೇಸ್ ಮಾತ್ರ. ಗುಂಡು ನಳಿಗೆಯ ಗಂಟಲಿನಲ್ಲಿ ಕಚ್ಚಿಕೊಂಡು ಅಲ್ಲಿಯೇ ಉಳಿದಿತ್ತು, ಕೇಸಿನೊಳಗಿದ್ದ ಮದ್ದು ಬೋಲ್ಟ್ ಓಡಾಡುವ ದಾರಿಯಲ್ಲಿ, ಟ್ರಿಗರಿನ ಸಂದಿನಲ್ಲಿ, ಮ್ಯಾಗಜಿನ್ನಿನ ಬಾಯಲ್ಲಿ ಸಾಸಿವೆ ಚೆಲ್ಲಿದಂತೆ ಚೆಲ್ಲಿತ್ತು. ಮೈದಾನದ ಅಧಿಕಾರಿಯ ಎದುರಿನಲ್ಲಿ ನಳಿಗೆಯ ಮುಂಬಾಯಿಯಿಂದ ಕ್ಲೀನಿಂಗ್ ರಾಡ್ ಇಳಿಸಿ, ಮೆಲ್ಲಗೆ ತಟ್ಟಿ ಗುಂಡನ್ನು ಹಿಂದಕ್ಕೆ ಬೀಳಿಸಿ, ರೈಫಲ್ಲನ್ನು ಬಿಚ್ಚಿ ಮದ್ದಿನ ಕಾಳೊಂದೊಂದನ್ನೂ ತೆಗೆಯುವಷ್ಟರಲ್ಲಿ ಅವನ ಸರದಿ ಮುಗಿದುಹೋಗಿತ್ತು.

ಸರದಿ ಹೋದದ್ದು ಅವನಿಗೆ ದೊಡ್ಡ ವಿಷಯವಾಗಿರಲಿಲ್ಲ. ಎರಡು ತಿಂಗಳಿಂದ ಅವನ ರೈಫಲ್ ಹಾಳಾದಂತೆ ವರ್ತಿಸುತ್ತಿತ್ತು, ಕಾರಣ ಮಾತ್ರ ಅವನ ಕೈಗೆ ಸಿಕ್ಕಿರಲಿಲ್ಲ. ಡಿಸೆಂಬರಿನಲ್ಲಿ ಊರಿಗೆ ಬಂದವನು ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು, ಒಂದು ದಪ್ಪ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟ. ಬೈಕಂಪಾಡಿಯ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಇಪ್ಪತ್ತೊಂಬತ್ತು ವರ್ಷ ಡೈ, ಪಂಚು, ಗೇಜುಗಳೊಂದಿಗೆ ಕೆಲಸ ಮಾಡಿದ ನನಗೆ ಕೋವಿಯ ಅನುಭವ ಕಡಿಮೆ. ಆದರೆ ಅವನು ತಂದ ಸಮಸ್ಯೆಯ ತಿರುಳು ಕೋವಿಯದ್ದಾಗಿರಲಿಲ್ಲ. ಎಲ್ಲಿಂದ ಎಲ್ಲಿಗೆ ಅಳೆಯಬೇಕು ಎಂಬುದರದ್ದಾಗಿತ್ತು.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಮದ್ದುಗುಂಡುಗಳನ್ನು ತಯಾರಿಸಲು ಲೈಸನ್ಸ್ ಬೇಕು. ಬೆಳೆ ರಕ್ಷಣೆಗೆಂದು ಕೋವಿ ಇಟ್ಟುಕೊಂಡಿರುವ ನಮ್ಮ ಕೃಷಿಕರು ಅಧಿಕೃತ ಅಂಗಡಿಯಿಂದ ಕೊಂಡ ತೋಟೆಯನ್ನೇ ಬಳಸುತ್ತಾರೆ, ಬಳಸಬೇಕು. ಅಮೆರಿಕದಲ್ಲಾದರೋ ಸ್ಪರ್ಧೆಗೆ ಗುಂಡು ಹಾರಿಸುವವರು ತಮ್ಮ ರೈಫಲ್ಲಿಗೆ ಹೊಂದುವಂತೆ ತೋಟೆಯನ್ನು ಕೈಯಾರೆ ಜೋಡಿಸಿಕೊಳ್ಳುವುದು ಸಾಮಾನ್ಯ ಹವ್ಯಾಸ. ಆದ್ದರಿಂದ ಬಿಜೈಯಲ್ಲಿ ನಮ್ಮ ಮುಂದಿದ್ದದ್ದು ಅಂಕಿಗಳು, ಛಾಯಾಚಿತ್ರಗಳು ಮತ್ತು ಮೇಜಿನ ಮೇಲಿನ ಎರಡು ಪೆನ್ಸಿಲ್ಲುಗಳು ಮಾತ್ರ. ಗುಂಡು, ಕೇಸು, ರೈಫಲ್ಲುಗಳೆಲ್ಲ ಒಹಾಯೊದಲ್ಲಿಯೇ ಇದ್ದವು.

ಹಿನ್ನೆಲೆ

ತೋಟೆಯಲ್ಲಿ ನಾಲ್ಕು ಭಾಗಗಳು: ಹಿತ್ತಾಳೆಯ ಕೇಸ್, ಅದರ ಬುಡದಲ್ಲಿದ್ದು ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್, ಒಳಗಿನ ಮದ್ದು, ಬಾಯಿಯಲ್ಲಿ ಬಿಗಿಯಾಗಿ ಕುಳಿತ ಗುಂಡು. ಕೊನೆಯ ಹಂತದಲ್ಲಿ ಪ್ರೆಸ್ಸಿಗೆ ಸಿಕ್ಕಿಸಿದ ಸೀಟಿಂಗ್ ಡೈಯೊಳಗೆ ಒಂದು ಉಕ್ಕಿನ ಸ್ಟೆಮ್ ಗುಂಡಿನ ಮೂಗನ್ನು ಒತ್ತಿ, ಅದನ್ನು ಕೇಸಿನ ಕುತ್ತಿಗೆಯೊಳಗೆ ಬೇಕಾದಷ್ಟು ಆಳಕ್ಕೆ ಇಳಿಸುತ್ತದೆ. ಈ ಆಳದ ಬಗೆಗೇ ಇಲ್ಲಿನ ಚರ್ಚೆ.

ಆಳ ಬದಲಾದಾಗ ಎರಡು ಸಂಗತಿಗಳು ಒಟ್ಟಿಗೆ ಬದಲಾಗುತ್ತವೆ. ಗುಂಡು ಒಳಕ್ಕೆ ಇಳಿದಷ್ಟೂ ಮದ್ದಿಗೆ ಉಳಿಯುವ ಜಾಗ ಕಿರಿದಾಗುತ್ತದೆ. ಹೊರಕ್ಕೆ ಬಂದಷ್ಟೂ ಅದರ ಮೈ ನಳಿಗೆಯೊಳಗಿನ ಸುರುಳಿ ಏಣುಗಳಿಗೆ ಹತ್ತಿರವಾಗುತ್ತದೆ. ಬಲ್ಲವರು ಲ್ಯಾಂಡ್ಸ್ ಎಂದು ಕರೆಯುವ ಈ ಏಣುಗಳೇ ಗುಂಡನ್ನು ಕಚ್ಚಿ ತಿರುಗಿಸುತ್ತವೆ. ಇಲ್ಲಿ ಪ್ರಸ್ತಾಪವಾಗುವ .308 ವಿಂಚೆಸ್ಟರ್ ತೋಟೆಗೆ, 1952ರಲ್ಲಿ ಮಾರುಕಟ್ಟೆಗೆ ಬಂದ ಈ ಅಳತೆಗೆ, ನಳಿಗೆಯಲ್ಲಿ ಏಣಿನಿಂದ ಏಣಿಗೆ 7.62 ಮಿ.ಮೀ., ಏಣುಗಳ ನಡುವಿನ ಕುಳಿಯಿಂದ ಕುಳಿಗೆ 7.82 ಮಿ.ಮೀ.; ಗುಂಡಿನ ವ್ಯಾಸವೂ 7.82 ಮಿ.ಮೀ. ಗುಂಡು ಕುಳಿತಲ್ಲಿಂದ ಕದಲಿ ಏಣುಗಳನ್ನು ಮುಟ್ಟುವ ತನಕ ಸಾಗುವ ಖಾಲಿ ದೂರಕ್ಕೆ ಜಂಪ್ ಎನ್ನುತ್ತಾರೆ. ಜಂಪ್ ಇರುವಾಗ, ಒತ್ತಡ ಇನ್ನೂ ಕಡಿಮೆ ಇರುವಾಗಲೇ ಗುಂಡು ಕದಲಿ, ತನ್ನ ಹಿಂದೆ ಅನಿಲಕ್ಕೆ ಜಾಗ ಬಿಟ್ಟುಕೊಡುತ್ತ ಹೊರಡುತ್ತದೆ. ಗುಂಡು ಏಣುಗಳಿಗೆ ಮೊದಲೇ ಒತ್ತಿ ನಿಂತಿದ್ದರೆ ಆ ಅವಕಾಶವಿಲ್ಲ. ನಿಂತಲ್ಲಿಂದಲೇ ಏಣುಗಳು ಅದರ ತಾಮ್ರದ ಮೈಯನ್ನು ಕೊರೆಯಬೇಕಾಗುತ್ತದೆ, ಒತ್ತಡ ಬೇಗನೆ ಏರುತ್ತದೆ, ಅದರ ಶಿಖರವೂ ಎತ್ತರವಾಗುತ್ತದೆ. ಮುಟ್ಟುವುದಕ್ಕೂ ಕೂದಲೆಳೆಯಷ್ಟು ಮುಟ್ಟದಿರುವುದಕ್ಕೂ ನಡುವಿನ ಈ ಅಂತರವೇ ನಮ್ಮ ಪ್ರಕರಣದ ಕೇಂದ್ರ.

1926ರಲ್ಲಿ ಸ್ಥಾಪನೆಯಾದ ಸಾಮಿ (SAAMI) ಎಂಬ, ಅಮೆರಿಕದ ಕೋವಿ ಮತ್ತು ಮದ್ದುಗುಂಡು ತಯಾರಕರ ಸಂಸ್ಥೆ ಪ್ರತಿಯೊಂದು ತೋಟೆಯ ಗರಿಷ್ಠ ಒಟ್ಟು ಉದ್ದವನ್ನು ನಿಗದಿಪಡಿಸಿದೆ; .308ಕ್ಕೆ ಅದು 71.37 ಮಿ.ಮೀ. ಎಲ್ಲ ತಯಾರಕರ ತೋಟೆಗಳೂ ಎಲ್ಲ ರೈಫಲ್ಲುಗಳ ಮ್ಯಾಗಜಿನ್ನಿನಲ್ಲಿ ಹಿಡಿಯಬೇಕು ಎಂಬುದಕ್ಕೆ ಈ ಅಂಕಿ ಉತ್ತರ ಕೊಡುತ್ತದೆ. ಇಂಥ ಗುಂಡು, ಇಂಥ ರೈಫಲ್ಲಿನ ಏಣುಗಳಿಂದ ಎಷ್ಟು ದೂರದಲ್ಲಿದೆ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ, ಕೊಡಲೂ ಸಾಧ್ಯವಿಲ್ಲ. ಏಕೆಂದರೆ ಒಟ್ಟು ಉದ್ದವನ್ನು ಅಳೆಯುವುದು ಗುಂಡಿನ ತುದಿಯವರೆಗೆ, ತುದಿ ಏಣನ್ನು ಎಂದೂ ಮುಟ್ಟುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಇದ್ದದ್ದು

ಅಳಿಯ ಅಚ್ಚುಕಟ್ಟಿನ ಮನುಷ್ಯ. ನಾಲ್ಕು ವರ್ಷ ಅವನು ಒಂದೇ ತಯಾರಕರ, 175 ಗ್ರೇನ್ ತೂಕದ, ಅಂದರೆ 11.3 ಗ್ರಾಮಿನ, ತುದಿಯಲ್ಲಿ ಸಣ್ಣ ತೂತಿರುವ ಸ್ಪರ್ಧಾ ಗುಂಡನ್ನು ಬಳಸಿದ್ದ. ಕೈಪಿಡಿಯಲ್ಲಿ ಹೇಳಿದಂತೆ ಒಟ್ಟು ಉದ್ದ 71.12 ಮಿ.ಮೀ.ಗೆ ಕೂರಿಸುತ್ತಿದ್ದ. ನೂರು ಗಜ ದೂರದಲ್ಲಿ ಐದು ಗುಂಡುಗಳು ಸುಮಾರು ಇಪ್ಪತ್ತು ಮಿ.ಮೀ. ಅಗಲದೊಳಗೆ ಬೀಳುತ್ತಿದ್ದವು, ಸರಾಸರಿ ವೇಗ ಸೆಕೆಂಡಿಗೆ 790 ಮೀಟರ್, ಹತ್ತು ಗುಂಡುಗಳಲ್ಲಿ ಅತಿ ವೇಗದ್ದಕ್ಕೂ ಅತಿ ನಿಧಾನದ್ದಕ್ಕೂ 11 ಮೀಟರಿನ ವ್ಯತ್ಯಾಸ.

ಜುಲೈಯಲ್ಲಿ ಆ ಗುಂಡು ಅಂಗಡಿಗಳಲ್ಲಿ ಸಿಗದಾದಾಗ, ಇನ್ನೊಂದು ಕಂಪನಿಯ ಅಷ್ಟೇ ತೂಕದ, ಅದೇ ಬಗೆಯ ಗುಂಡನ್ನು ಕೊಂಡ. ತೂಕ ಒಂದೇ, ವ್ಯಾಸ ಒಂದೇ, ಆದ್ದರಿಂದ ಮದ್ದಿನ ತೂಕವನ್ನೂ ಒಟ್ಟು ಉದ್ದವನ್ನೂ ಹಾಗೆಯೇ ಉಳಿಸಿಕೊಂಡ. ಅಲ್ಲಿಂದ ಮುಂದೆ ನೋಟ್‌ಬುಕ್ಕಿನ ಪುಟಗಳ ಸ್ವಭಾವವೇ ಬದಲಾಗಿದೆ: ಗುಂಪಿನ ಅಗಲ 45 ಮಿ.ಮೀ., ಅದೂ ಹೆಚ್ಚಾಗಿ ಮೇಲೆ ಕೆಳಗೆ ಚದುರಿದ್ದು. ವೇಗದ ವ್ಯತ್ಯಾಸ 31 ಮೀಟರ್. ಮೂರು ನಾಲ್ಕು ತೋಟೆಗಳಿಗೊಮ್ಮೆ ಬೋಲ್ಟ್ ಎತ್ತಲು ಬಿಗಿ. ಹಾರಿಸಿದ ಕೆಲವು ಕೇಸುಗಳಲ್ಲಿ ಪ್ರೈಮರಿನ ಅಂಚು ಚಪ್ಪಟೆ. ಅವನು ಸ್ಕೋಪಿನ ಸ್ಕ್ರೂಗಳನ್ನು ಬಿಗಿಮಾಡಿ ನೋಡಿದ್ದ, ನಳಿಗೆಯನ್ನು ತೊಳೆದಿದ್ದ, ಕೇಸುಗಳ ಕುತ್ತಿಗೆಯನ್ನು ಕಾಯಿಸಿ ಮೆತ್ತಗೆ ಮಾಡಿದ್ದ, ಮದ್ದು ತೂಗುವ ತಕ್ಕಡಿಯನ್ನು ಬದಲಿಸಿದ್ದ. ಯಾವುದೂ ಫಲಕೊಡಲಿಲ್ಲ.

ಮೊದಲಿಗೆ ನಾನು ಹಿಡಿದ ತಪ್ಪು ದಾರಿ

ಬೋಲ್ಟ್ ಬಿಗಿಯಾಗುವುದು ಹೆಚ್ಚಿನ ಒತ್ತಡದ ಲಕ್ಷಣವೆಂದು ಅವನು ವಿವರಿಸಿದಾಗ, ಹೊಸ ಗುಂಡು ಹೆಚ್ಚು ಆಳಕ್ಕೆ ಕುಳಿತು ಮದ್ದಿನ ಜಾಗವನ್ನು ಕಸಿದಿರಬೇಕು ಎಂದು ನಾನು ಊಹಿಸಿದೆ. ಸಣ್ಣ ಪಿಸ್ತೂಲಿನ ತೋಟೆಗಳಲ್ಲಿ ಗುಂಡು ಅರ್ಧ ಮಿಲಿಮೀಟರ್ ಒಳಕ್ಕೆ ಜಾರಿದರೂ ಒತ್ತಡ ಅಪಾಯಕರವಾಗಿ ಏರಬಲ್ಲದು, ಅಲ್ಲಿ ಕೇಸಿನ ಹೊಟ್ಟೆಯೇ ಅಷ್ಟು ಕಿರಿದು. ಊಹೆಯನ್ನು ಲೆಕ್ಕಕ್ಕೆ ಒಡ್ಡಿದೆವು. ಕೇಸಿನ ಉದ್ದ 51.0 ಮಿ.ಮೀ. ಹಳೆಯ ಗುಂಡಿನ ಉದ್ದ 31.5, ಅದು ಕೇಸಿನೊಳಗೆ 11.4 ಮಿ.ಮೀ. ಇಳಿಯುತ್ತಿತ್ತು. ಹೊಸ ಗುಂಡಿನ ಉದ್ದ 30.3, ಅದು ಇಳಿಯುತ್ತಿದ್ದದ್ದು 10.2 ಮಾತ್ರ. 7.82 ಮಿ.ಮೀ. ವ್ಯಾಸದ ಗುಂಡು 1.2 ಮಿ.ಮೀ. ಕಡಿಮೆ ಇಳಿದರೆ ಸುಮಾರು 58 ಘನ ಮಿ.ಮೀ. ಜಾಗ ಹೆಚ್ಚುವರಿಯಾಗಿ ಸಿಗುತ್ತದೆ. .308 ಕೇಸಿನ ಒಟ್ಟು ಗಾತ್ರ ಸುಮಾರು 3,600 ಘನ ಮಿ.ಮೀ. ಇರುವುದರಿಂದ ಇದು ನೂರಕ್ಕೆ ಒಂದೂವರೆಗಿಂತ ತುಸು ಹೆಚ್ಚು. ಜಾಗ ಹೆಚ್ಚಿತ್ತು, ಒತ್ತಡವೂ ಹೆಚ್ಚಿತ್ತು. ನನ್ನ ಊಹೆ ಅಲ್ಲಿಗೆ ಬಿದ್ದುಹೋಯಿತು, ಆದರೆ ಬಿದ್ದ ರೀತಿ ಉಪಯುಕ್ತವಾಗಿತ್ತು: ಕಾರಣ ಕೇಸಿನೊಳಗೆ ಇಲ್ಲದಿದ್ದರೆ ಅದು ಗುಂಡಿನ ಮುಂಭಾಗದಲ್ಲಿ ಇರಬೇಕು.

ಆಗ ನಾನು ಒಳಗಿನಿಂದ ಎರಡು ಪೆನ್ಸಿಲ್ ತಂದೆ. ಒಂದನ್ನು ಅಡುಗೆಮನೆಯ ಚೂರಿಯಿಂದ ಉದ್ದಕ್ಕೆ ಚೂಪು ಮಾಡಿದೆ, ಇನ್ನೊಂದನ್ನು ಶಾಲಾ ಮಕ್ಕಳ ಶಾರ್ಪನರಿನಲ್ಲಿ ಗಿಡ್ಡಕ್ಕೆ. ಎರಡರ ಹಿಂಬದಿಯನ್ನೂ ಉಜ್ಜಿ ಒಟ್ಟು ಉದ್ದವನ್ನು ಸರಿಯಾಗಿ 120 ಮಿ.ಮೀ.ಗೆ ತಂದೆ. ಪಕ್ಕಪಕ್ಕದಲ್ಲಿಟ್ಟು ಬೆರಳು ಸವರಿದರೆ ತುದಿಯಲ್ಲೂ ಬುಡದಲ್ಲೂ ಭೇದ ತಿಳಿಯುತ್ತಿರಲಿಲ್ಲ. ಬಳಿಕ ಆರು ಮಿ.ಮೀ. ಬೋಲ್ಟಿನ ಒಂದು ನಟ್ಟನ್ನು ಒಂದೊಂದರ ಮೂಗಿಗೂ ತೊಡಿಸಿ, ಪೆನ್ಸಿಲ್ಲಿನ ಬುಡದಿಂದ ನಟ್ಟಿನ ಮುಖದವರೆಗೆ ಕ್ಯಾಲಿಪರಿನಿಂದ ಅಳೆದೆ. ಗಿಡ್ಡ ಮೂಗಿನ ಪೆನ್ಸಿಲ್ಲಿನಲ್ಲಿ ನಟ್ ನಾಲ್ಕು ಮಿಲಿಮೀಟರಿಗೂ ಹೆಚ್ಚು ಮುಂದಕ್ಕೆ ನಿಂತಿತ್ತು. ಅಳಿಯ ನಟ್ಟನ್ನು ಎರಡು ಮೂರು ಬಾರಿ ತೆಗೆದು ಹಾಕಿ ನೋಡಿದ, ಆಮೇಲೆ ನೋಟ್‌ಬುಕ್ಕನ್ನು ಹಿಂದಕ್ಕೆ ತಿರುಗಿಸಿ ಜುಲೈಯ ಪುಟದಲ್ಲಿ ಬೆರಳಿಟ್ಟು ಸುಮ್ಮನೆ ಕುಳಿತ.

ನಟ್ಟಿನ ತೂತೇ ನಳಿಗೆಯ ಏಣುಗಳು. ಗುಂಡಿನ ಮೂಗಿನ ಬಾಗು ಓಜೈವ್ ಎಂಬ ಹೆಸರಿನದು. ಆ ಬಾಗಿನಲ್ಲಿ ಏಣಿನ ವ್ಯಾಸಕ್ಕೆ ಸರಿಹೋಗುವ ಒಂದು ಬಳೆಯಷ್ಟು ಜಾಗವೇ ಏಣನ್ನು ಮುಟ್ಟುವುದು. ಕೇಸಿನ ಬುಡದಿಂದ ಈ ಬಳೆಯವರೆಗಿನ ಉದ್ದವೇ ಲೆಕ್ಕಕ್ಕೆ ಬರುವ ಉದ್ದ. ಮೂಗು ಗಿಡ್ಡವಿರುವ ಗುಂಡನ್ನು ಅದೇ ಒಟ್ಟು ಉದ್ದಕ್ಕೆ ಕೂರಿಸಿದರೆ ಬಳೆ ಮುಂದಕ್ಕೆ ಹೋಗಿಯೇ ಹೋಗುತ್ತದೆ.

ನಮ್ಮ ಊರಿನ ಹಂಚು ಹೊದೆಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1865ರಲ್ಲಿ ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಮಂಗಳೂರು ಹಂಚಿನ ಮಾಡು ಕಟ್ಟುವವರು ಪಕ್ಕಾಸಿನ ಮೇಲೆ ರೀಪು ಹೊಡೆಯುವಾಗ ಹಂಚಿನ ಒಟ್ಟು ಉದ್ದವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ರೀಪಿಗೆ ಸಿಕ್ಕುವ ಹಂಚಿನ ಕೊಕ್ಕೆಯಿಂದ, ಮೇಲಿನ ಹಂಚು ಕೂರುವ ಕಚ್ಚಿನವರೆಗಿನ ಅಂತರಕ್ಕೆ ಕೋಲು ಕತ್ತರಿಸಿಕೊಂಡು, ಆ ಕೋಲಿನಿಂದಲೇ ಇಡೀ ಮಾಡಿನ ರೀಪು ಹೊಡೆಯುತ್ತಾರೆ. ಟೂಲ್‌ರೂಮಿನಲ್ಲಿ ಇದನ್ನೇ ನಾವು ಡೇಟಮ್ ಎನ್ನುತ್ತಿದ್ದೆವು: ವಸ್ತು ತನ್ನ ಜೊತೆಗಾರನನ್ನು ಎಲ್ಲಿ ಮುಟ್ಟುತ್ತದೆಯೋ ಅಲ್ಲಿಂದ ಅಳೆ.

ಅತಿ ಚೆನ್ನಾಗಿದ್ದ ಒಂದು ಅಂಕಿ

ಗಿಡ್ಡ ಮೂಗಿನಿಂದ ಗುಂಡು ಏಣುಗಳಿಗೆ ತಾಗುತ್ತಿತ್ತು ಎಂಬುದು ಸೆಪ್ಟೆಂಬರಿನ ಘಟನೆಯನ್ನು ವಿವರಿಸುತ್ತದೆ. ಆದರೆ ಎಲ್ಲ ತೋಟೆಗಳೂ ಒಂದೇ ರೀತಿ ತಾಗುತ್ತಿದ್ದರೆ ಒತ್ತಡ ಎಲ್ಲದರಲ್ಲೂ ಹೆಚ್ಚಿರಬೇಕಿತ್ತು, ಗುಂಪು ಇಷ್ಟು ಚದುರಬೇಕಾಗಿರಲಿಲ್ಲ. ಮೂರರಲ್ಲಿ ಒಂದಕ್ಕೆ ಬೋಲ್ಟ್ ಬಿಗಿ, ಉಳಿದ ಎರಡಕ್ಕೆ ಸಡಿಲ ಏಕೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಅದಕ್ಕೆ ಉತ್ತರ ಅವನು ಹೆಮ್ಮೆಯಿಂದ ತೋರಿಸಿದ ಒಂದು ಪುಟದಲ್ಲಿತ್ತು.

ಹೊಸ ಗುಂಡಿನ ಇಪ್ಪತ್ತು ತೋಟೆಗಳ ಒಟ್ಟು ಉದ್ದವನ್ನು ಅವನು ಒಂದೊಂದಾಗಿ ಬರೆದಿಟ್ಟಿದ್ದ. ಅತಿ ಗಿಡ್ಡ 71.10, ಅತಿ ಉದ್ದ 71.13. ಹಳೆಯ ಗುಂಡಿನ ಅಂಥದ್ದೇ ಪುಟದಲ್ಲಿ ವ್ಯತ್ಯಾಸ 0.22 ಮಿ.ಮೀ. ಇತ್ತು. ತನ್ನ ಕೈ ಪಳಗಿದೆ ಎಂದು ಅವನು ಭಾವಿಸಿದ್ದ. ನನಗೆ ಆ ಪುಟವನ್ನು ಕಂಡೊಡನೆ ಅನುಮಾನ ಹುಟ್ಟಿತು. ಯಂತ್ರವೂ ಕೈಯೂ ಬದಲಾಗದೆ ಅಳತೆಯ ಚದುರು ಏಳರಲ್ಲಿ ಒಂದಂಶಕ್ಕೆ ಇಳಿದರೆ ಟೂಲ್‌ರೂಮಿನಲ್ಲಿ ಸಂತೋಷಪಡುವ ಮೊದಲು ಗೇಜು ಎಲ್ಲಿ ತಾಗುತ್ತಿದೆ ಎಂದು ನೋಡುವುದು ನಮಗೆ ಕಲಿಸಿದ ಪಾಠ. ತೂತು ತುದಿಯ ಗುಂಡುಗಳಲ್ಲಿ ತಾಮ್ರದ ಹೊದಿಕೆಯನ್ನು ಹಿಂದಿನಿಂದ ಮುಂದಕ್ಕೆ ಎಳೆದು ತುದಿಯಲ್ಲಿ ಮುಚ್ಚುವುದರಿಂದ ತುದಿ ತುಸು ಒರಟಾಗಿಯೇ ಇರುತ್ತದೆ, ಒಂದು ಗುಂಡಿನಿಂದ ಇನ್ನೊಂದಕ್ಕೆ ಅದರ ಉದ್ದ ಬದಲಾಗುತ್ತದೆ. ಸ್ಟೆಮ್ ಮೂಗಿನ ಬಾಗನ್ನು ಹಿಡಿದು ಒತ್ತಿದ್ದರೆ ಈ ಒರಟುತನ ಒಟ್ಟು ಉದ್ದದಲ್ಲಿ ಕಾಣಿಸಲೇಬೇಕು. ಹಳೆಯ ಗುಂಡಿನಲ್ಲಿ ಕಾಣಿಸಿತ್ತು. ಹೊಸದರಲ್ಲಿ ಕಾಣಿಸದಿರಬೇಕಾದರೆ ಸ್ಟೆಮ್ ತುದಿಯನ್ನೇ ಒತ್ತುತ್ತಿರಬೇಕು. ಆಗ ತುದಿಗಳೆಲ್ಲ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ, ಒರಟುತನವೆಲ್ಲ ಕಣ್ಣಿಗೆ ಬೀಳದ ಕಡೆಗೆ, ಓಜೈವಿನ ಬಳೆಯ ಕಡೆಗೆ, ಹೋಗಿ ಸೇರುತ್ತದೆ.

ಅವನ ಫೋನಿನಲ್ಲಿ ಎರಡೂ ಬಗೆಯ ತೋಟೆಗಳ ಸ್ಪಷ್ಟ ಛಾಯಾಚಿತ್ರಗಳಿದ್ದವು. ಬೆರಳಿನಿಂದ ಹಿಗ್ಗಿಸಿ ನೋಡಿದೆವು. ಹಳೆಯ ಗುಂಡಿನಲ್ಲಿ ತುದಿಯಿಂದ ಸಾಕಷ್ಟು ಕೆಳಗೆ, ಮೂಗಿನ ಸುತ್ತ ಉಗುರಿನಿಂದ ಗೀರಿದಷ್ಟು ತೆಳುವಾದ ಒಂದು ಉಂಗುರ ಕಾಣುತ್ತಿತ್ತು, ಅದು ಸ್ಟೆಮ್ಮಿನ ಅಂಚು ತಾಗಿದ ಗುರುತು. ಹೊಸ ಗುಂಡಿನ ಮೂಗಿನಲ್ಲಿ ಉಂಗುರವೇ ಇರಲಿಲ್ಲ. ತುದಿಯ ತೂತಿನ ಅಂಚು ಮಾತ್ರ ಒರಟುತನ ಕಳೆದುಕೊಂಡು, ಸಣ್ಣ ಕಾಸಿನಂತೆ ಚಪ್ಪಟೆಯಾಗಿ ಹೊಳೆಯುತ್ತಿತ್ತು.

ಒಹಾಯೊದಲ್ಲಿ ನಡೆದ ಪರೀಕ್ಷೆ

ಜನವರಿಯಲ್ಲಿ ಅವನು ಮರಳಿದ. ನಮ್ಮಲ್ಲಿ ಬೆಳಗ್ಗೆ ಆರು ಗಂಟೆಯಾದಾಗ ಅಲ್ಲಿ ಹಿಂದಿನ ದಿನದ ಸಂಜೆ ಏಳೂವರೆ. ಆ ಹೊತ್ತಿಗೆ ಅವನು ವಿಡಿಯೊ ಕರೆ ಮಾಡಿ ಕ್ಯಾಮೆರಾವನ್ನು ಬೆಂಚಿನ ಕಡೆಗೆ ತಿರುಗಿಸುತ್ತಿದ್ದ. ಉಳಿದಿದ್ದ ತೋಟೆಗಳನ್ನು ಹಾರಿಸಬಾರದೆಂದು ನಾನು ಮೊದಲೇ ಹೇಳಿದ್ದೆ. ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿ ಹಾರಿಸಿ ನೋಡಿದರೆ ಸಂಶಯವೆಲ್ಲ ತೀರುತ್ತದೆ ಎಂದು ಅವನಿಗೆ ಆಸೆಯಿತ್ತು. ಒತ್ತಡದ ಲಕ್ಷಣ ತೋರಿಸಿದ ತೋಟೆಯನ್ನು ತಿಳಿದೂ ತಿಳಿದೂ ಮುಖದ ಹತ್ತಿರ ಹಾರಿಸುವ ಅಗತ್ಯ ಯಾವ ಪ್ರಯೋಗಕ್ಕೂ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ, ಅವನು ಅದನ್ನು ಒಪ್ಪಿದ.

ಮೊದಲು ಅವನು ಕ್ಯಾಲಿಪರಿಗೆ ಸಿಕ್ಕಿಸುವ ಕಂಪ್ಯಾರೇಟರ್ ತರಿಸಿದ. ಅದು ನನ್ನ ನಟ್ಟಿನ ಸುಸಂಸ್ಕೃತ ರೂಪ: ಏಣಿನ ವ್ಯಾಸಕ್ಕೆ ಹತ್ತಿರವಾದ ತೂತಿರುವ ಒಂದು ಲೋಹದ ತುಂಡು. ತೂತಿನ ಅಂಚು ಯಾವ ಎರಡು ತುಂಡುಗಳಲ್ಲೂ ಒಂದೇ ಸಮನಾಗಿರುವುದಿಲ್ಲವಾದ್ದರಿಂದ ಒಬ್ಬರ ಕಂಪ್ಯಾರೇಟರಿನ ಅಂಕಿ ಇನ್ನೊಬ್ಬರಿಗೆ ಉಪಯೋಗಕ್ಕೆ ಬಾರದು. ಇಲ್ಲಿ ಬರೆದ ಅಂಕಿಗಳೂ ಅವನ ರೈಫಲ್ಲಿಗೆ, ಅವನ ತುಂಡಿಗೆ ಮಾತ್ರ ಸಲ್ಲುತ್ತವೆ. ಬಳಿಕ, ಬುಡದಲ್ಲಿ ಕಡ್ಡಿ ತೂರಲು ತೂತು ಕೊರೆದ ಖಾಲಿ ಕೇಸೊಂದನ್ನು ಚೇಂಬರಿಗೆ ಇಳಿಸಿ, ಅದರ ಬಾಯಲ್ಲಿ ಸಡಿಲವಾಗಿ ನಿಂತ ಹೊಸ ಗುಂಡನ್ನು ಕಡ್ಡಿಯಿಂದ ಮೆಲ್ಲಗೆ ಮುಂದಕ್ಕೆ ತಳ್ಳಿ, ಏಣಿಗೆ ತಾಗಿದಲ್ಲಿ ನಿಲ್ಲಿಸಿ ಅಳೆದ. ಮೊದಲ ಸಲ ಬಂದ 57.58 ಉಳಿದವುಗಳೊಂದಿಗೆ ಹೊಂದಲಿಲ್ಲ. ಕಡ್ಡಿಯನ್ನು ಬಲವಾಗಿ ಒತ್ತಿದ್ದರಿಂದ ಗುಂಡು ಏಣುಗಳ ನಡುವೆ ಹೊಕ್ಕಿತ್ತು. ಒಂದೇ ಬೆರಳಿನ ಒತ್ತಡದಲ್ಲಿ ಮಾಡಿದ ನಂತರದ ಐದು ಅಳತೆಗಳು 57.33ರಿಂದ 57.37ರ ನಡುವೆ ಬಂದವು. ಸರಾಸರಿ 57.35 ಎಂದು ಹಿಡಿದೆವು.

ಆಮೇಲೆ ಉಳಿದಿದ್ದ ಇಪ್ಪತ್ತಮೂರು ತೋಟೆಗಳನ್ನು ಬುಡದಿಂದ ಬಳೆಯವರೆಗೆ ಅಳೆದ. ಅತಿ ಕಡಿಮೆ 57.21, ಅತಿ ಹೆಚ್ಚು 57.47. ಒಟ್ಟು ಉದ್ದದಲ್ಲಿ 0.03 ಮಿ.ಮೀ. ವ್ಯತ್ಯಾಸವಿದ್ದ ತೋಟೆಗಳು ನಿಜವಾಗಿ ಬೇಕಾದ ಅಳತೆಯಲ್ಲಿ 0.26 ಮಿ.ಮೀ. ಚದುರಿದ್ದವು, ಅದಕ್ಕಿಂತ ಮುಖ್ಯವಾಗಿ, ಚದುರಿನ ನಟ್ಟನಡುವೆಯೇ 57.35 ಎಂಬ ಗೆರೆ ಹಾದುಹೋಗುತ್ತಿತ್ತು. ಒಂಬತ್ತು ತೋಟೆಗಳು ಗೆರೆಯ ಆಚೆ, ಹದಿನಾಲ್ಕು ಈಚೆ. ಅಂದರೆ ಎರಡು ತಿಂಗಳು ಅವನು ಒಂದೇ ಪೆಟ್ಟಿಗೆಯಿಂದ ಎರಡು ಬೇರೆ ಬೇರೆ ಜಾತಿಯ ತೋಟೆಗಳನ್ನು ಹಾರಿಸುತ್ತಿದ್ದ, ಏಣಿಗೆ ಒತ್ತಿ ನಿಂತವು ಕೆಲವು, ಏಣಿನಿಂದ ಕಾಗದದಷ್ಟು ದೂರ ಉಳಿದವು ಹಲವು. ಹಳೆಯ ಗುಂಡಿನಲ್ಲಿ ಬಳೆಯ ಉದ್ದ 55.9 ಇದ್ದು, ಜಂಪ್ ಸುಮಾರು ಒಂದೂವರೆ ಮಿ.ಮೀ. ಇದ್ದುದರಿಂದ ಅಷ್ಟಿಷ್ಟು ಚದುರು ಇದ್ದರೂ ಎಲ್ಲವೂ ಗೆರೆಯ ಒಂದೇ ಕಡೆಗೆ ಇರುತ್ತಿದ್ದವು.

ಅಂಕಿಗಳ ಮಾತನ್ನು ಕಣ್ಣಿನಿಂದಲೂ ನೋಡಬೇಕಿತ್ತು. ಮದ್ದೂ ಪ್ರೈಮರೂ ಇಲ್ಲದ ಎರಡು ನಕಲಿ ತೋಟೆಗಳನ್ನು ಒಂದು 57.25ಕ್ಕೆ, ಇನ್ನೊಂದು 57.45ಕ್ಕೆ ಕೂರಿಸಿ, ಗುಂಡುಗಳಿಗೆ ಕಪ್ಪು ಮಾರ್ಕರ್ ಪೆನ್ನಿನ ಶಾಯಿ ಬಳಿದು, ಚೇಂಬರಿಗೆ ಏರಿಸಿ ಇಳಿಸಿದ. ಮೊದಲನೆಯದು ಏರಿದ ಹಾಗೆಯೇ ಇಳಿಯಿತು, ಶಾಯಿ ಅಳಿಯದೆ. ಎರಡನೆಯದನ್ನು ಹೊರತೆಗೆಯುವಾಗ ಬೋಲ್ಟ್ ಒಂದು ಕ್ಷಣ ತಡೆದು ಬಿಟ್ಟಿತು. ಕ್ಯಾಮೆರಾದ ಮುಂದೆ ಅವನು ಅದನ್ನು ನಿಧಾನವಾಗಿ ತಿರುಗಿಸಿದಾಗ, ಮೂಗಿನ ಬಾಗು ಮೈಗೆ ಸೇರುವಲ್ಲಿ ಕಪ್ಪಿನ ನಡುವೆ ಸಮದೂರದಲ್ಲಿ ಆರು ಸಣ್ಣ ಚೌಕ ಗುರುತುಗಳು ತಾಮ್ರದ ಬಣ್ಣದಲ್ಲಿ ಹೊಳೆದವು. ಅವನ ನಳಿಗೆಯಲ್ಲಿ ಇರುವ ಏಣುಗಳೂ ಆರು.

ಪರಿಹಾರ

ಇಪ್ಪತ್ತಮೂರು ತೋಟೆಗಳನ್ನೂ ಬಿಚ್ಚಿ ಹಾಕಿದ. ಹೊಸ ಗುಂಡಿನ ಮೂಗಿಗೆ ಹೊಂದುವ, ತುದಿಗೆ ತಾಗದೆ ಬಾಗಿನ ಮೇಲೆಯೇ ಕೂರುವ ಬೇರೊಂದು ಸ್ಟೆಮ್ಮನ್ನು ಡೈಗೆ ಹಾಕಿದ. ಮೊದಲ ಹತ್ತು ತೋಟೆಗಳಲ್ಲಿ ಬಳೆಯ ಅಳತೆಯ ಚದುರು 0.05 ಮಿ.ಮೀ.ಗೆ ಇಳಿಯಿತು, ಒಟ್ಟು ಉದ್ದದ ಚದುರು 0.24ಕ್ಕೆ ಏರಿತು. ಈ ಎರಡು ಅಂಕಿಗಳು ಜಾಗ ಬದಲಾಯಿಸಿಕೊಂಡದ್ದನ್ನು ನೋಡಿದಾಗ ನನಗಾದ ತೃಪ್ತಿಯನ್ನು ಇಲ್ಲಿ ಬರೆಯದಿರಲಾರೆ.

ಮದ್ದಿನ ವಿಷಯದಲ್ಲಿ ನಾನು ಅವನನ್ನು ಬಿಡಲಿಲ್ಲ. ಗುಂಡಿನ ತೂಕ ಒಂದೇ ಆಗಿದ್ದ ಮಾತ್ರಕ್ಕೆ ಮದ್ದಿನ ತೂಕವನ್ನೂ ಹಾಗೆಯೇ ಉಳಿಸಿಕೊಂಡದ್ದು ಈ ಪ್ರಕರಣದ ಎರಡನೆಯ ತಪ್ಪು, ಅಪಾಯದ ದೃಷ್ಟಿಯಿಂದ ಮೊದಲನೆಯದು. ಗಿಡ್ಡ ಮೂಗಿನ ಗುಂಡಿನಲ್ಲಿ ನಳಿಗೆಗೆ ಉಜ್ಜುವ ನೇರ ಮೈಯ ಉದ್ದ ಹೆಚ್ಚಿರಬಹುದು, ತಾಮ್ರದ ಗಡಸುತನ ಬೇರೆಯಿರಬಹುದು. ಯಾವ ಭಾಗ ಬದಲಾದರೂ ಆ ಗುಂಡಿಗೆ ಕೈಪಿಡಿ ಕೊಟ್ಟಿರುವ ಆರಂಭದ ಪ್ರಮಾಣಕ್ಕೆ ಇಳಿದು, ಅಲ್ಲಿಂದ ಸಣ್ಣ ಹೆಜ್ಜೆಗಳಲ್ಲಿ, ಪ್ರತಿ ಹೆಜ್ಜೆಯಲ್ಲೂ ಬೋಲ್ಟನ್ನೂ ಕೇಸನ್ನೂ ವೇಗವನ್ನೂ ನೋಡುತ್ತ ಏರಬೇಕೆಂಬುದು ಆ ಹವ್ಯಾಸದ ಮೂಲ ನಿಯಮ. ಬೋಲ್ಟ್ ಬಿಗಿಯಾದದ್ದರಲ್ಲಿ ಏಣಿಗೆ ತಾಗಿದ್ದರ ಪಾಲು ಎಷ್ಟು, ಹೊಸ ಗುಂಡಿನ ಮೈಯ ಪಾಲು ಎಷ್ಟು ಎಂದು ನಮ್ಮ ಅಂಕಿಗಳಿಂದ ಬೇರ್ಪಡಿಸಲಾಗದು. ಚಪ್ಪಟೆ ಪ್ರೈಮರ್ ಅಂತೂ ತಾನೊಂದೇ ಯಾವುದಕ್ಕೂ ಸಾಕ್ಷಿಯಾಗದು. ಪ್ರೈಮರಿನ ಲೋಹ ಮೆತ್ತಗಿದ್ದರೂ ಹಾಗೆ ಕಾಣುತ್ತದೆ.

ಏಪ್ರಿಲಿನಲ್ಲಿ ಹಿಮ ಕರಗಿದ ಮೇಲೆ, ಕಡಿಮೆ ಮದ್ದಿನಿಂದ ಮತ್ತೆ ಮೇಲೇರಿ ಒಂದು ಪ್ರಮಾಣಕ್ಕೆ ನಿಂತು, ಜಂಪನ್ನು ಮಾತ್ರ ಬದಲಿಸುತ್ತ ಹಾರಿಸಿದ: 0.5, 1.0, 1.5 ಮತ್ತು 2.0 ಮಿ.ಮೀ., ಒಂದೊಂದಕ್ಕೂ ಎರಡು ಬೇರೆ ದಿನಗಳಲ್ಲಿ ಐದೈದರಂತೆ ನಾಲ್ಕು ಗುಂಪು. ಮೂರು ಗುಂಡುಗಳ ಒಂದೇ ಗುಂಪನ್ನು ನೋಡಿ ಆಳವನ್ನು ನಿರ್ಧರಿಸುವ ರೂಢಿ ಬಹಳ ಕಡೆ ಇದೆ ಎಂದು ಅವನು ಹೇಳಿದ. ಅದೇ ತೋಟೆಯನ್ನು ಅದೇ ರೈಫಲ್ಲಿನಿಂದ ಮತ್ತೆ ಹಾರಿಸಿದರೆ ಮೂರರ ಗುಂಪು ಎರಡು ಪಟ್ಟು ದೊಡ್ಡದಾಗಿಯೂ ಬರಬಹುದು. ಅಂಥ ಅಂಕಿಯ ಮೇಲೆ ಸ್ಟೆಮ್ ತಿರುಗಿಸುವುದನ್ನು ನಾನು ಒಪ್ಪಲಾರೆ. ನಾಲ್ಕು ಗುಂಪುಗಳ ಸರಾಸರಿ ಅಗಲ 0.5ರಲ್ಲಿ 29 ಮಿ.ಮೀ., 1.0ರಲ್ಲಿ 21, 1.5ರಲ್ಲಿ 20, 2.0ರಲ್ಲಿ 26. ನಡುವಿನ ಎರಡರಲ್ಲಿ ಯಾವುದು ಉತ್ತಮ ಎಂದು ಈ ಅಂಕಿಗಳಿಂದ ಹೇಳಲಾಗದು, ಒಂದು ಮಿಲಿಮೀಟರಿನ ವ್ಯತ್ಯಾಸಕ್ಕೆ ಅರ್ಥವಿಲ್ಲ.

ಅವನಿಗೆ 1.5 ಬೇಕಿತ್ತು, ಅಂಕಿ ಅಲ್ಲಿ ಚಿಕ್ಕದೆಂಬ ಕಾರಣಕ್ಕೆ. ನಾನು 1.0 ಎಂದೆ. ಪ್ರತಿ ಹೊಡೆತದ ಬಿಸಿ ಅನಿಲ ಗಂಟಲಿನ ಏಣುಗಳ ಆರಂಭವನ್ನು ಸವೆಸುತ್ತದೆ, ಏಣುಗಳು ಮುಂದಕ್ಕೆ ಸರಿಯುತ್ತವೆ, ಸ್ಟೆಮ್ಮನ್ನು ಮುಟ್ಟದಿದ್ದರೂ ಜಂಪ್ ತಾನಾಗಿ ಬೆಳೆಯುತ್ತದೆ. 1.0ರಲ್ಲಿ ಶುರುಮಾಡಿದರೆ ಸವೆತ ತೋಟೆಯನ್ನು ಒಳ್ಳೆಯ ಪಟ್ಟಿಯ ಒಳಕ್ಕೆ ಒಯ್ಯುತ್ತದೆ, 1.5ರಲ್ಲಿ ಶುರುಮಾಡಿದರೆ ಪಟ್ಟಿಯಿಂದ ಹೊರಕ್ಕೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ಬಳೆಯ ಉದ್ದವನ್ನು 56.35ಕ್ಕೆ ನಿಲ್ಲಿಸಿದ. ಒಟ್ಟು ಉದ್ದ ಆಗ ಸುಮಾರು 70.1 ಬರುತ್ತದೆ, ಕೈಪಿಡಿಯ ಅಂಕಿಗಿಂತ ಒಂದು ಮಿ.ಮೀ. ಕಡಿಮೆ, ಮ್ಯಾಗಜಿನ್ನಿನಲ್ಲಿ ಹಿಡಿಯುತ್ತದೆ ಎಂಬುದಕ್ಕಿಂತ ಹೆಚ್ಚಿನ ಮಹತ್ವ ಅದಕ್ಕೆ ಈಗ ಅವನ ನೋಟ್‌ಬುಕ್ಕಿನಲ್ಲಿಲ್ಲ. ವೇಗದ ವ್ಯತ್ಯಾಸ 12 ಮೀಟರಿಗೆ ಮರಳಿದೆ, ಬೋಲ್ಟ್ ಎಲ್ಲ ತೋಟೆಗಳಿಗೂ ಒಂದೇ ಹದದಲ್ಲಿ ಏಳುತ್ತದೆ. ಆಟದ ನಡುವೆ ರೈಫಲ್ ಖಾಲಿ ಮಾಡಬೇಕಾಗಿ ಬಂದಾಗ ತೋಟೆ ಇಡಿಯಾಗಿ ಕೈಗೆ ಬರುತ್ತದೆ.

ಪ್ರತಿ ಮುನ್ನೂರು ಹೊಡೆತಗಳಿಗೊಮ್ಮೆ ಅವನು ಆ ತೂತು ಕೊರೆದ ಕೇಸನ್ನೇ, ಪೆಟ್ಟಿಗೆಯಲ್ಲಿ ಬೇರೆ ತೆಗೆದಿಟ್ಟ ಒಂದೇ ಗುಂಡನ್ನೇ ಬಳಸಿ, ಒಂದೇ ಬೆರಳಿನ ಒತ್ತಡದಲ್ಲಿ ಏಣಿನ ಜಾಗವನ್ನು ಮತ್ತೆ ಅಳೆಯುತ್ತಾನೆ. ಮೊದಲ ಮರು ಅಳತೆಯ ಅಂಕಿಯನ್ನು ಹೋದ ವಾರ ಕಳುಹಿಸಿದ: 57.42. ಸ್ಟೆಮ್ಮನ್ನು ತಿರುಗಿಸಿಲ್ಲ, ಜಂಪ್ ಈಗ 1.07 ಎಂದು ಕೆಳಗೆ ಬರೆದಿದ್ದ.